ಕುಡಿಯದ ಸಾರಥಿ

ಯಾರಾದರೂ ‘ಆರಾಮಾಗಿ ಹೋಗಿಬರೋಣ’ ಎಂದರೆ ನನ್ನ ಎದೆ ಝಲ್ಲೆನ್ನುತ್ತದೆ. ಆ ಮಾತು ಹೇಳಿ ಹೊರಡಿಸಿದ ಯಾವ ಪ್ರಯಾಣದಲ್ಲೂ ನನ್ನನ್ನು ಬೆಳಗಿನ ಜಾವ ನಾಲ್ಕೂವರೆಗಿಂತ ತಡವಾಗಿ ಎಬ್ಬಿಸಿದ್ದಿಲ್ಲ. ಒಮ್ಮೆ ಹೀಗೇ ಆರಾಮಾಗಿ ಮಲೆನಾಡಿನ ಕಡೆಗೆಂದು ಹೊರಟವರು ಎರಡು ದಿನದಲ್ಲಿ ಏಳು ದೇವಸ್ಥಾನ, ಎರಡು ಜಲಪಾತ, ಒಂದು ಅಣೆಕಟ್ಟು ಮುಗಿಸಿ ಬಂದೆವು. ಬೇಲೂರಿನ ಶಿಲಾಬಾಲಿಕೆಯರ ಪಾಲಿಗೆ ಬಂದದ್ದು ಇಪ್ಪತ್ತೈದು ನಿಮಿಷ. ಅದರಲ್ಲಿ ಹತ್ತು ನಿಮಿಷ ನನ್ನ ಎಡಗಾಲಿನ ಚಪ್ಪಲಿ ಹುಡುಕುವುದಕ್ಕೇ ಹೋಯಿತು.

ಹಾಗಾಗಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿರುವ ಮಗಳು ಫೋನಿನಲ್ಲಿ, “ಅಪ್ಪಾ, ಸೆಪ್ಟೆಂಬರಲ್ಲಿ ಬನ್ನಿ. ಅಲ್ಜಾಸ್ ವೈನ್ ರೋಡಲ್ಲಿ ಮೂರು ದಿನ ಆರಾಮಾಗಿ ಕಾರಲ್ಲಿ ಸುತ್ತಿಬರೋಣ” ಎಂದಾಗ ನಾನು ಹೂಂ ಎನ್ನುವುದಕ್ಕೆ ಸ್ವಲ್ಪ ತಡಮಾಡಿದೆ. ಒಂದೇ ವಾಕ್ಯದಲ್ಲಿ ಹೆದರಿಸುವ ಪದಗಳು ಎರಡಿದ್ದವು. ಆರಾಮ ಒಂದು, ವೈನ್ ಇನ್ನೊಂದು. ಅಷ್ಟರಲ್ಲಿ ಪಕ್ಕದಲ್ಲಿದ್ದ ನನ್ನ ಹೆಂಡತಿ ಫೋನು ಕಿತ್ತುಕೊಂಡು, “ಅಲ್ಲಿ ಚಳಿ ಇರುತ್ತೇನೇ? ಸ್ವೆಟರ್ ಎಷ್ಟು ತರಲಿ?” ಎಂದು ಕೇಳಿಯಾಗಿತ್ತು.

ನಾನು ಕುಡಿಯುವವನಲ್ಲ. ಇದನ್ನು ಅರವತ್ತು ದಾಟಿದ ಮೇಲೂ ಸ್ವಲ್ಪ ಎದೆಯುಬ್ಬಿಸಿಯೇ ಹೇಳುತ್ತೇನೆ, ಹಾಗೆ ಹೇಳಿಕೊಳ್ಳುವುದಕ್ಕೆ ಬೇರೆ ಸಾಧನೆಗಳು ಹೆಚ್ಚಿಲ್ಲ. ಆದರೆ ದ್ರಾಕ್ಷಿಗೂ ನನಗೂ ಹಳೆಯ ನಂಟು. ಚಿಕ್ಕಬಳ್ಳಾಪುರದ ಕಡೆ ನಮ್ಮ ತಾತನದು ಒಂದೂವರೆ ಎಕರೆ ದ್ರಾಕ್ಷಿ ತೋಟ. ಕಲ್ಲುಕಂಬ ನೆಟ್ಟು ತಂತಿ ಎಳೆದು ಹಬ್ಬಿಸಿದ ಚಪ್ಪರ, ಅದರ ತುಂಬ ಬೆಂಗಳೂರು ಬ್ಲೂ. ಹಣ್ಣಿನ ಕಾಲದಲ್ಲಿ ಚಪ್ಪರದ ಕೆಳಗೆ ನಿಂತರೆ ಮಧ್ಯಾಹ್ನದ ಬಿಸಿಲೂ ನೇರಳೆ ಬಣ್ಣಕ್ಕೆ ತಿರುಗಿರುತ್ತಿತ್ತು. ಆ ಹಣ್ಣಿನ ಸಿಪ್ಪೆ ದಪ್ಪ, ಬೀಜ ಜಾಸ್ತಿ, ಒಳಗಿನ ತಿರುಳು ನಾಲಿಗೆ ಮೇಲೆ ಗೋಲಿಯ ಹಾಗೆ ಜಾರುತ್ತದೆ. ಲಾರಿ ಬಂದು ಕ್ರೇಟುಗಳನ್ನು ತುಂಬಿಕೊಂಡು ಹೋಗುತ್ತಿತ್ತು. “ಇಷ್ಟೊಂದು ಹಣ್ಣು ಯಾರು ತಿಂತಾರೆ ತಾತ?” ಎಂದು ನಾನು ಕೇಳಿದರೆ, “ಜ್ಯೂಸಿಗೆ ಕಣೋ” ಎನ್ನುತ್ತಿದ್ದರು. ಎಂಥ ಜ್ಯೂಸು ಎಂದು ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಬಂದ ದುಡ್ಡಿನಲ್ಲಿ ಅತ್ತೆಯ ಮದುವೆಯಾಯಿತು, ಅಪ್ಪನ ಓದು ಮುಗಿಯಿತು. ನಮ್ಮ ಮನೆತನದ ಮದ್ಯವರ್ಜನೆ ನಿಂತಿದ್ದದ್ದು ಆ ಒಂದು ಪ್ರಶ್ನೆ ಕೇಳದಿರುವ ಜಾಣತನದ ಮೇಲೆ.

ತಾತನಿಗಿದ್ದ ಒಂದೇ ಚಟ ಎಲೆಅಡಿಕೆ. ಊಟವಾದ ಮೇಲೆ ಚಪ್ಪರದ ನೆರಳಿನಲ್ಲಿ ಹಗ್ಗದ ಮಂಚ ಹಾಕಿಕೊಂಡು ಕೂರುವರು. ಪಂಚೆಯ ಅಂಚಿನಲ್ಲಿ ಎಲೆ ಒರೆಸಿ, ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಚೂರಿನ ಜೊತೆಗೆ ಕಡಲೆಕಾಳಿನಷ್ಟು ಗುಲ್ಕನ್ ಇಟ್ಟು ಮಡಿಸಿ ದವಡೆಗೆ ಸೇರಿಸಿದರೆಂದರೆ ಅರ್ಧ ಗಂಟೆ ಮಾತಿಲ್ಲ. ಮಂಚದಿಂದ ಎರಡು ಮಾರು ದೂರದಲ್ಲಿ ಹಿತ್ತಾಳೆಯ ಪೀಕದಾನಿ. ಬಾಯಿ ಅಗಲ, ಸೊಂಟ ಸಣ್ಣ, ಅಡಿಯಲ್ಲಿ ಒಂದು ನಗ್ಗು. ಅವರು ಮಂಚದಿಂದ ಏಳುತ್ತಿರಲಿಲ್ಲ, ಗುರಿ ತಪ್ಪುತ್ತಲೂ ಇರಲಿಲ್ಲ. ನಾವು ಮೊಮ್ಮಕ್ಕಳು ನೀರು ತುಂಬಿಕೊಂಡು ಎಷ್ಟು ಅಭ್ಯಾಸ ಮಾಡಿದರೂ ಆ ವಿದ್ಯೆ ಒಲಿಯಲಿಲ್ಲ. ಮನೆ ಮಾರಿದಾಗ ಪಾತ್ರೆಪಡಗಗಳ ಜೊತೆ ಪೀಕದಾನಿ ನಮ್ಮ ಪಾಲಿಗೆ ಬಂತು. ಮಗಳು ಅದನ್ನು ಹುಣಸೆಹಣ್ಣು ಹಾಕಿ ಬೆಳಗಿ, “ಎಷ್ಟು ಚೆನ್ನಾಗಿದೆ ಅಪ್ಪಾ” ಎಂದು ಜರ್ಮನಿಗೆ ಹೊತ್ತುಕೊಂಡು ಹೋದಳು. ಈಗ ಅವಳ ನಡುಮನೆಯಲ್ಲಿ ಅದರೊಳಗೆ ಮನಿಪ್ಲಾಂಟ್ ಬೆಳೆಯುತ್ತಿದೆ. ಅದೇನೆಂದು ಕೇಳುವವರಿಗೆ ‘ಹಳೇ ಭಾರತೀಯ ಹೂದಾನಿ’ ಎನ್ನುತ್ತಾಳೆ. ಪ್ರಶ್ನೆ ಕೇಳದಿರುವ ಜಾಣತನ ಮುಂದಿನ ತಲೆಮಾರಿನಲ್ಲಿ ಉತ್ತರ ತಿರುಚುವ ಜಾಣತನವಾಗಿ ಬೆಳೆದಿದೆ.

ಮಗಳು ಹೇಳಿದ ದಾರಿ ಫ್ರಾನ್ಸಿನದು. ಅವಳ ಮನೆಯಿಂದ ಹೊರಟು ರೈನ್ ನದಿ ದಾಟಿದರೆ ಅಲ್ಜಾಸ್ ಸೀಮೆ. ಅಲ್ಲಿ 1953ರಿಂದ ‘ವೈನ್ ದಾರಿ’ ಎಂದೇ ಫಲಕ ಹಾಕಿ ಗುರುತಿಸಿರುವ ರಸ್ತೆಯೊಂದಿದೆ. ಉತ್ತರದ ಮಾರ್ಲೆನ್‌ಹೈಮಿನಿಂದ ದಕ್ಷಿಣದ ಟಾನ್‌ವರೆಗೆ, ವೋಜ್ ಬೆಟ್ಟಸಾಲಿನ ಮಗ್ಗುಲಿಗೇ ಅಂಟಿಕೊಂಡು, ದ್ರಾಕ್ಷಿ ತೋಟಗಳ ನಡುವೆ ಹಳ್ಳಿಯಿಂದ ಹಳ್ಳಿಗೆ ಸಾಗುವ ಸುಮಾರು 170 ಕಿಲೋಮೀಟರ್. ಬೆಂಗಳೂರಿನಿಂದ ಹಾಸನಕ್ಕಿಂತಲೂ ಕಡಿಮೆ. ಇಷ್ಟಕ್ಕೆ ಮೂರು ದಿನ ಎಂದರೆ ನಿಜವಾಗಿಯೂ ಆರಾಮವೇ ಇರಬಹುದು ಎಂದು ನನಗೂ ಆಸೆ ಹುಟ್ಟಿತು. ಮಾರನೆಯ ದಿನವೇ ಅಳಿಯ ಎಕ್ಸೆಲ್ ಹಾಳೆ ಕಳಿಸಿದ.

ನಮ್ಮ ಅಳಿಯ ಒಳ್ಳೆಯವನು. ಆದರೆ ಬಿಡುವನ್ನೂ ಪ್ರಾಜೆಕ್ಟಿನ ಹಾಗೆ ನಡೆಸುವವನು. ಹಾಳೆಯಲ್ಲಿ ಹನ್ನೊಂದು ಹಳ್ಳಿಗಳಿದ್ದವು, ಒಂದೊಂದಕ್ಕೂ ಒಂದೊಂದು ಬಣ್ಣ. ಎಲ್ಲಿ ಪಾರ್ಕಿಂಗ್, ಎಲ್ಲಿ ಶೌಚಾಲಯ, ಯಾವ ನೆಲಮಾಳಿಗೆಯಲ್ಲಿ ವೈನ್ ರುಚಿ ನೋಡಬಹುದು, ಅದು ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಊಟಕ್ಕೆ ಬಾಗಿಲು ಹಾಕುತ್ತದೋ ಇಲ್ಲವೋ, ಎಲ್ಲ ಇತ್ತು. ಕೆಳಗೆ ತಿಳಿನೀಲಿ ಬಣ್ಣದಲ್ಲಿ ಒಂದು ಸಾಲು: ‘17:30ರಿಂದ 18:00, ಆರಾಮ’. ನಾನು ಆ ಸಾಲನ್ನು ಹೆಂಡತಿಗೆ ತೋರಿಸಿದೆ. ಅವಳು ಕನ್ನಡಕ ಏರಿಸಿ ನೋಡಿ, “ಅರ್ಧ ಗಂಟೆ ಸಾಕಾಗುತ್ತೆ ಬಿಡಿ” ಎಂದಳು.

ಮುಂದಿನ ಭಾನುವಾರದ ವಿಡಿಯೊ ಕರೆಯಲ್ಲಿ ಬಂದದ್ದು ಅಸಲು ಸಮಸ್ಯೆ. ಕಾರು ಓಡಿಸುವವರು ಯಾರು? ವೈನ್ ದಾರಿಯ ದೊಡ್ಡ ತೊಡಕೇ ಇದು. ಹೆಸರು ದಾರಿಯದು, ಆದರೆ ದಾರಿಯನ್ನು ನೋಡಿಕೊಳ್ಳಬೇಕಾದವನಿಗೆ ವೈನ್ ಇಲ್ಲ. ಅಳಿಯ ಕಾನೂನು ಓದಿಟ್ಟುಕೊಂಡಿದ್ದ. ನಮ್ಮ ದೇಶದಲ್ಲಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ದಾಟಿದರೆ ತಪ್ಪು, ಫ್ರಾನ್ಸಿನಲ್ಲಿ ಆ ಗೆರೆ 50ಕ್ಕೆ. “ಹಾಗಂತ ರಿಸ್ಕ್ ಬೇಡ ಮಾವ” ಎಂದ. ಬೇಡವೇ ಬೇಡ ಎಂದೆ. “ನಾನು ರೀಸ್ಲಿಂಗ್ ನೋಡಬೇಕು ಅಂತಲೇ ಹೋಗ್ತಿರೋದು” ಎಂದಳು ಮಗಳು. ನಾನು ಭರವಸೆಯಿಂದ ಹೆಂಡತಿಯ ಕಡೆ ತಿರುಗಿದೆ. ಅವಳಿಗೆ ಕಾರು ಓಡಿಸಲು ನನಗಿಂತ ಚೆನ್ನಾಗಿ ಬರುತ್ತದೆ, ಏಕಾದಶಿಯ ಉಪವಾಸವನ್ನೂ ಬಿಟ್ಟವಳಲ್ಲ.

“ನಾನೂ ಒಂದು ತೊಟ್ಟು ನೋಡೋಣ ಅಂತಿದೀನಿ” ಎಂದಳು.

ಮನೆಯಲ್ಲಿ ಸ್ವಲ್ಪ ಹೊತ್ತು ಫ್ಯಾನಿನ ಸದ್ದು ಮಾತ್ರ ಕೇಳಿಸಿತು. ಆಮೇಲೆ ಮೂರೂ ಮುಖಗಳು ನನ್ನ ಕಡೆಗೆ ತಿರುಗಿದವು. ಅರವತ್ತು ವರ್ಷ ಜೋಪಾನ ಮಾಡಿಕೊಂಡು ಬಂದ ನನ್ನ ಶೀಲ ಕಡೆಗೆ ನನಗೆ ಸಂಪಾದಿಸಿಕೊಟ್ಟದ್ದು ಡ್ರೈವರ್ ಕೆಲಸ.

ಆರ್‌ಟಿಒ ಕಚೇರಿಗೆ ಹೋಗಿ ಒಂದು ವರ್ಷ ಬಾಳುವ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿದೆ. ಆ ಪುಟ್ಟ ಪುಸ್ತಕದಲ್ಲಿ ನನ್ನ ಫೋಟೊ ಯಾರನ್ನೋ ಗುದ್ದಿ ಬಂದವನ ಹಾಗಿದೆ. ಕಾರ್ಲ್ಸ್‌ರೂಹೆಯಲ್ಲಿ ಎರಡು ದಿನ ಅಭ್ಯಾಸ ನಡೆಯಿತು. ರಸ್ತೆಯ ಬಲಬದಿಗೆ ಓಡಿಸುವುದು ಹೇಗೋ ಒಗ್ಗಿತು, ಎದುರಿನವರೆಲ್ಲ ಅದನ್ನೇ ಮಾಡುತ್ತಿರುತ್ತಾರಲ್ಲ. ಒಗ್ಗದಿದ್ದದ್ದು ಇಂಡಿಕೇಟರ್. ನಮ್ಮ ಕಾರಿನಲ್ಲಿ ಅದು ಬಲಗೈಗೆ, ಅಲ್ಲಿ ಎಡಗೈಗೆ. ಪ್ರತಿ ತಿರುವಿಗೂ ನಾನು ಗಾಜು ಒರೆಸುವ ವೈಪರ್ ಹಾಕುತ್ತಿದ್ದೆ. ಬಿರುಬಿಸಿಲಿನಲ್ಲಿ ಗಾಜು ಒರೆಸಿಕೊಳ್ಳುತ್ತ ಎಡಕ್ಕೆ ತಿರುಗುವ ಕಾರನ್ನು ಜರ್ಮನ್ನರು ಬಹಳ ಗೌರವದಿಂದ, ಬಹಳ ದೂರದಿಂದ ನೋಡುತ್ತಿದ್ದರು.

ಫ್ರಾನ್ಸಿಗೆ ಕಾಲಿಟ್ಟ ಮೇಲೆ ಇನ್ನೊಂದು ಪಾಠ ಕಾದಿತ್ತು. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವನಿಗೆ ಮೊದಲ ಹಕ್ಕು. ನೀವು ಹೆದ್ದಾರಿಯ ಗತ್ತಿನಲ್ಲಿ ಹೋಗುತ್ತಿರಬಹುದು, ಬಲಗಡೆಯ ಸಂದಿಯಿಂದ ದ್ರಾಕ್ಷಿ ತುಂಬಿದ ಟ್ರಾಕ್ಟರು ಮೂತಿ ಹಾಕಿದರೆ ನಿಲ್ಲಬೇಕಾದವರು ನೀವು. ಬೆಂಗಳೂರಿನಲ್ಲಿ ಯಾರ ಮೂತಿ ಮುಂದೋ ಅವರ ಹಕ್ಕು ಎಂಬ ನಿಯಮಕ್ಕೆ ಒಗ್ಗಿದ ನಾನು ಇದನ್ನು ಕಲಿಯುವಷ್ಟರಲ್ಲಿ ಓಬರ್ನೇ ಎಂಬ ಊರಿನಲ್ಲಿ ಒಬ್ಬ ಟ್ರಾಕ್ಟರಿನವನು ನನಗೆ ಏನೋ ಹೇಳಿದ. ಫ್ರೆಂಚ್ ಬಾರದಿದ್ದರೂ ಅರ್ಥವಾಯಿತು.

ಇಷ್ಟಾದರೂ ಆ ದಾರಿಯ ಚಂದಕ್ಕೆ ಸೋಲದೆ ಇರುವುದು ಕಷ್ಟ. ಇಳಿಜಾರಿನ ತುಂಬ ದ್ರಾಕ್ಷಿ ಬಳ್ಳಿಗಳು ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ ಸಾಲುಸಾಲಾಗಿ ನಿಂತಿರುತ್ತವೆ. ನಮ್ಮ ಹಾಗೆ ಚಪ್ಪರವಿಲ್ಲ, ಎದೆಯೆತ್ತರದ ತಂತಿ ಬೇಲಿ. ಬಿಸಿಲು ಕಡಿಮೆಯ ದೇಶದಲ್ಲಿ ನೆರಳು ಮಾಡಿಕೊಂಡರೆ ಹಣ್ಣು ಎಲ್ಲಿ ಮಾಗಬೇಕು? ತಾತನಿಗೆ ಇದ್ದದ್ದು ಅದರ ತದ್ವಿರುದ್ಧ ಚಿಂತೆ. ಪಡುವಣದ ಮಳೆ ವೋಜ್ ಬೆಟ್ಟಕ್ಕೆ ತಗುಲಿ ಆಚೆ ಬದಿಗೇ ಸುರಿದುಬಿಡುತ್ತದಂತೆ, ಈಚೆಗೆ ಉಳಿಯುವುದು ಒಣಹವೆ. ಅಲ್ಲಿಯ ಕೊಲ್ಮಾರ್ ಪಟ್ಟಣ ಫ್ರಾನ್ಸಿನಲ್ಲೇ ಮಳೆ ಕಡಿಮೆಯ ಊರುಗಳಲ್ಲೊಂದು. ಆಗುಂಬೆಯಲ್ಲಿ ಕೊಡ ಬಗ್ಗಿಸಿದ ಮೋಡ ಚಿಕ್ಕಬಳ್ಳಾಪುರಕ್ಕೆ ಬರುವಷ್ಟರಲ್ಲಿ ಬರಿಗೈಯಾಗಿರುವುದನ್ನು ಹುಟ್ಟಿದಾಗಿನಿಂದ ಕಂಡ ನನಗೆ ಇದನ್ನು ಯಾರೂ ನಕ್ಷೆ ಬರೆದು ವಿವರಿಸಬೇಕಿರಲಿಲ್ಲ. ಅಳಿಯ ಮಾತ್ರ ವಿವರಿಸಿದ.

ಊರ ಹೆಸರುಗಳದೇ ಒಂದು ಕಥೆ. ಎಗಿಸ್‌ಹೈಮ್, ಟುರ್ಕ್‌ಹೈಮ್ ಎಂದು ಅರ್ಧದಷ್ಟು ಊರುಗಳಿಗೆ ‘ಹೈಮ್’ ಬಾಲ. ಜರ್ಮನ್ ನುಡಿಯಲ್ಲಿ ಮನೆ ಎಂದರ್ಥ, ನಮ್ಮ ಹಳ್ಳಿ, ಪಾಳ್ಯಗಳ ಹಾಗೆ. ಹೆಸರು ಜರ್ಮನ್, ದೇಶ ಫ್ರಾನ್ಸ್. 1871ರಲ್ಲಿ ಈ ಸೀಮೆ ಜರ್ಮನಿಗೆ ಹೋಯಿತು, 1918ರಲ್ಲಿ ಫ್ರಾನ್ಸಿಗೆ ಬಂತು, 1940ರಲ್ಲಿ ಮತ್ತೆ ಜರ್ಮನಿ, ಯುದ್ಧ ಮುಗಿಯುವಾಗ ಮತ್ತೆ ಫ್ರಾನ್ಸ್. ಜಗಲಿ ಬಿಟ್ಟು ಇಳಿಯದ ಅಜ್ಜಿಯೊಬ್ಬಳು ಎಂಬತ್ತು ವರ್ಷ ಬದುಕಿದ್ದರೆ ನಾಲ್ಕು ಸಲ ದೇಶಾಂತರ ಮಾಡಿದಂತಾಯಿತು. ಉಳಿದ ಕೆಲವು ಊರುಗಳಿಗೆ ‘ವೀರ್’ ಎಂಬ ಬಾಲ: ರಿಕ್‌ವೀರ್, ಹುನಾವೀರ್, ಬೆನ್‌ವೀರ್. ಹಳ್ಳಿ, ತೋಟದ ಮನೆ ಎಂಬ ಅರ್ಥದ ಲ್ಯಾಟಿನ್ ಪದವೊಂದು ಸವೆದು ಹಾಗಾಗಿದೆಯಂತೆ. ಕನ್ನಡದ ಕಿವಿಗೆ ಮಾತ್ರ ಊರಾಚೆ ವೀರಗಲ್ಲು ಇರಬೇಕೆನ್ನಿಸುವ ಹೆಸರುಗಳು.

ರಿಕ್‌ವೀರ್ ಹಾಳೆಯಲ್ಲಿತ್ತು, ಕೇಸರಿ ಬಣ್ಣದಲ್ಲಿ. ಮರದ ತೊಲೆಗಳ ಚೌಕಟ್ಟು ಹೊರಗೇ ಕಾಣುವ ಹಳೇ ಮನೆಗಳು, ಕಿಟಕಿಗಳಲ್ಲಿ ಕೆಂಪು ಜೆರೇನಿಯಂ, ಬೀದಿ ತುಂಬ ನಮ್ಮ ಹಾಗೆಯೇ ಆರಾಮಾಗಿ ಬಂದು ಓಡಾಡುತ್ತಿದ್ದ ಜನ. ಬೆನ್‌ವೀರ್ ಹಾಳೆಯಲ್ಲಿರಲಿಲ್ಲ. ರಿಕ್‌ವೀರ್‌ನಿಂದ ಇಳಿದು ಬರುವಾಗ ಹೆಂಡತಿ ಹುಳಿಯನ್ನದ ಡಬ್ಬಿ ತೆಗೆಯಬೇಕೆಂದಳು, ನೆರಳು ಕಂಡಲ್ಲಿ ನಿಲ್ಲಿಸಿದೆ. ಸುತ್ತ ನೋಡಿದರೆ ತೊಲೆಯ ಮನೆ ಒಂದೂ ಇಲ್ಲ, ಎಲ್ಲ ಐವತ್ತು ಅರವತ್ತರ ದಶಕದ ಸಾದಾ ಗೋಡೆಗಳು. 1944ರ ಡಿಸೆಂಬರಿನ ಕಾಳಗದಲ್ಲಿ ಈ ಊರು ನೆಲಸಮವಾಯಿತು ಎಂದು ಮಗಳು ಫೋನು ನೋಡಿ ಹೇಳಿದಳು. ಕೂಗಿದರೆ ಕೇಳುವಷ್ಟು ದೂರದ ರಿಕ್‌ವೀರ್ ಉಳಿಯಿತು, ಇದು ಹೋಯಿತು. ಅಲ್ಲಿ ಹೆಸರುಗಳನ್ನು ಕೆತ್ತಿದ ಕಲ್ಲು ಇತ್ತು. ಫ್ರಾನ್ಸಿನ ಬೇರೆ ಕಡೆ ಇಂಥ ಕಲ್ಲುಗಳ ಮೇಲೆ ‘ಫ್ರಾನ್ಸಿಗಾಗಿ ಮಡಿದವರು’ ಎಂದಿರುತ್ತದೆ. ಅಲ್ಜಾಸಿನ ಎಷ್ಟೋ ಕಲ್ಲುಗಳ ಮೇಲೆ ‘ನಮ್ಮ ಮಡಿದವರಿಗೆ’ ಎಂದಷ್ಟೇ ಇದೆ, ಏಕೆಂದರೆ ಅವರಲ್ಲಿ ಬಹುಮಂದಿಯನ್ನು ಹಿಡಿದು ನಿಲ್ಲಿಸಿದ್ದು ಜರ್ಮನಿಯ ಪಾಳೆಯದಲ್ಲಿ. ನಾವು ಕಾರಿನ ಡಿಕ್ಕಿಯ ಮೇಲೆ ಡಬ್ಬಿ ಇಟ್ಟುಕೊಂಡು ಹುಳಿಯನ್ನ ತಿಂದೆವು. ಅಳಿಯ ಕೂಡ ಗಡಿಯಾರ ನೋಡಲಿಲ್ಲ.

ಕೈಸರ್ಸ್‌ಬೆರ್ಗ್‌ನಲ್ಲಿ ನನಗೆ ಸ್ವಂತದ ಒಂದು ವ್ಯವಹಾರವಿತ್ತು. 1875ರಲ್ಲಿ ಆಲ್ಬರ್ಟ್ ಶ್ವೈಟ್ಜರ್ ಹುಟ್ಟಿದ್ದು ಆ ಊರಿನಲ್ಲಿ. ಆಫ್ರಿಕದ ಕಾಡಿನಲ್ಲಿ ಆಸ್ಪತ್ರೆ ಕಟ್ಟಿದ ಮಹಾನುಭಾವ ಎಂದು ಶಾಲೆಯಲ್ಲಿ ಓದಿದ್ದೆವು. ಭಾರತೀಯ ಚಿಂತನೆ ಲೋಕವನ್ನೂ ಬದುಕನ್ನೂ ನಿರಾಕರಿಸುವಂಥದ್ದು ಎಂದು ಆತ ಪುಸ್ತಕ ಬರೆದದ್ದು, ಹಿಂದೊಮ್ಮೆ ಮೈಸೂರಿನಲ್ಲಿ ಪಾಠ ಹೇಳಿದ್ದ ರಾಧಾಕೃಷ್ಣನ್ ಅದಕ್ಕೆ ಉತ್ತರ ಕೊಟ್ಟದ್ದು ಗೊತ್ತಾದದ್ದು ಆಮೇಲೆ. ನನಗೆ ಯಾವಾಗಲೂ ರಾಧಾಕೃಷ್ಣನ್ ಕಡೆಗೇ ಒಲವು. ಆದರೆ ಆ ಸಂಜೆ ಹೊಳೆಯ ಪಕ್ಕದ ಅಂಗಳದಲ್ಲಿ ಹೆಂಡತಿ, ಮಗಳು, ಅಳಿಯ ಮೂರು ಎತ್ತರದ ಕಾಂಡದ ಗ್ಲಾಸುಗಳನ್ನು ಹಿಡಿದು ಕೂತಿದ್ದಾಗ, ನಾಲ್ಕನೆಯವನಾಗಿ ನೀರಿನ ಲೋಟ ಹಿಡಿದು ಕೂತ ನನ್ನನ್ನು ಕಂಡಿದ್ದರೆ ಶ್ವೈಟ್ಜರ್ ಪುಸ್ತಕಕ್ಕೆ ಒಂದು ಅಡಿಟಿಪ್ಪಣಿ ಸೇರಿಸುತ್ತಿದ್ದರೋ ಏನೋ. ಹೆಂಡತಿಯ ಒಂದು ತೊಟ್ಟು ಅಷ್ಟರಲ್ಲಿ ಅರ್ಧ ಗ್ಲಾಸು ಆಗಿತ್ತು. “ಹುಳಿ ಜಾಸ್ತಿ, ಆದ್ರೆ ಕೆಟ್ಟದಾಗಿಲ್ಲ ರೀ” ಎಂದು ಸಾರಿನ ಬಗ್ಗೆ ಹೇಳುವ ದನಿಯಲ್ಲಿ ಹೇಳಿದಳು.

ಮೂರನೆಯ ದಿನ ಎಗಿಸ್‌ಹೈಮ್. ಕೋಟೆಯ ಸುತ್ತ ಬೀದಿಗಳು ಚಕ್ಕುಲಿಯ ಹಾಗೆ ಸುತ್ತಿಕೊಂಡಿರುವ ಊರು. ಹೊರಟಲ್ಲಿಗೇ ಮೂರು ಸಲ ಬಂದ ಮೇಲೆ ಅಳಿಯ ಗುರುತು ಮಾಡಿದ್ದ ನೆಲಮಾಳಿಗೆ ಸಿಕ್ಕಿತು. ಒಳಗೆ ತಣ್ಣಗೆ, ಮಳೆ ನಿಂತ ಮೇಲಿನ ಅಟ್ಟದ ವಾಸನೆ. ನನ್ನ ವಯಸ್ಸಿನ ಹೆಂಗಸೊಬ್ಬಳು ಏಪ್ರನ್ನಿಗೆ ಕೈ ಒರೆಸುತ್ತ ಬಂದು ಪೀಪಾಯಿಯ ಮೇಲೆ ಗ್ಲಾಸು ಜೋಡಿಸಿದಳು. ಬೆರಳಿನ ಸಂದಿಗಳು ದ್ರಾಕ್ಷಿ ಕೊಯ್ದು ಕಪ್ಪಾಗಿದ್ದವು. ತಾತನ ಕೈಯೂ ಸುಗ್ಗಿಯಲ್ಲಿ ಹಾಗೇ ಇರುತ್ತಿತ್ತು, ಎಷ್ಟು ಸೀಗೆ ಹಾಕಿ ಉಜ್ಜಿದರೂ. ಕೊನೆಯಲ್ಲಿ ಅವಳು ಪೀಪಾಯಿಯ ಮೇಲೆ ಇನ್ನೊಂದು ವಸ್ತು ತಂದಿಟ್ಟಳು. ಅಗಲ ಬಾಯಿಯ, ಸಣ್ಣ ಸೊಂಟದ ಒಂದು ಲೋಹದ ಪಾತ್ರೆ.

“ಇದೇನು?” ಎಂದೆ.

“ಉಗುಳೋಕೆ ಅಪ್ಪಾ” ಎಂದಳು ಮಗಳು. “ರುಚಿ ನೋಡಿ ಉಗುಳಿಬಿಡಬಹುದು. ತಿಳಿದವರು ನುಂಗೋದೇ ಇಲ್ಲ. ದಿನಕ್ಕೆ ಐವತ್ತು ಅರವತ್ತು ನೋಡಬೇಕಲ್ಲ ಅವರು.” ಹೇಳುತ್ತ ಹೇಳುತ್ತ ಅವಳ ಮಾತು ನಿಧಾನವಾಯಿತು. ನಾನು ಅವಳ ಮುಖ ನೋಡಿದೆ. ಅವಳು ಪಾತ್ರೆ ನೋಡಿದಳು.

ನಾನು ಕುಡಿಯುವುದಿಲ್ಲವೆಂದು ಮಗಳು ಆಕೆಗೆ ಜರ್ಮನ್ನಿನಲ್ಲಿ ಹೇಳಿದಳು. ಆಕೆ ಮರುಕದಿಂದ ನನ್ನನ್ನು ನೋಡಿ, ಒಂದು ಗ್ಲಾಸಿಗೆ ಎರಡು ಬೆರಳಿನಷ್ಟು ಸುರಿದು ಮೂಗು ತೋರಿಸಿದಳು. ಕುಡಿಯಬೇಡ, ಮೂಸು. ಮೂಸುವುದಕ್ಕೆ ನಮ್ಮ ಮನೆತನದಲ್ಲಿ ನಿಷೇಧವಿದ್ದ ನೆನಪಿಲ್ಲ. ಗ್ಲಾಸಿನೊಳಗೆ ಮೂಗು ತೂರಿಸಿದೆ. ಎದುರಿಗೆ ಹಗ್ಗದ ಮಂಚ, ಚಪ್ಪರದ ನೆರಳು, ಪಂಚೆಯಂಚು, ತಾತನ ದವಡೆ.

“ಗುಲ್ಕನ್!” ಎಂದೆ, ಸ್ವಲ್ಪ ಜೋರಾಗಿಯೇ.

ಗುಲಾಬಿ ಎಸಳಿಗೆ ಸಕ್ಕರೆ ಹಾಕಿ ಬಿಸಿಲಿಗಿಟ್ಟು ಮಾಡುವುದು ಎಂದು ಮಗಳು ವಿವರಿಸಿದಾಗ ಆಕೆ ತಲೆದೂಗಿದಳು. ಆ ವೈನಿನ ಹೆಸರು ಗೆವುರ್ಟ್ಸ್‌ಟ್ರಾಮೀನರ್, ಗೆವುರ್ಟ್ಸ್ ಎಂದರೆ ಮಸಾಲೆ. ಅದರಲ್ಲಿ ಗುಲಾಬಿ, ಲಿಚಿ ಹಣ್ಣು ಇದೆಯೆಂದು ಬಲ್ಲವರೆಲ್ಲ ಹೇಳುತ್ತಾರಂತೆ. ಆಕೆಗೆ ಹುರುಪು ಬಂತು. ಇನ್ನೊಂದು ಸುರಿದಳು. ಇದು ಬರೀ ದ್ರಾಕ್ಷಿಯೇ, ಆಗ ತಾನೇ ಹಿಂಡಿದ್ದು ಎಂದೆ. ಮಸ್ಕಾಟ್, ಸರಿ. ಮೂರನೆಯದನ್ನು ಒಳಗಿನಿಂದ ತಂದಳು, ಧೂಳು ಹಿಡಿದ ಬಾಟಲಿ. ಮೂಸಿದೆ. ಇನ್ನೊಮ್ಮೆ ಮೂಸಿದೆ. ಹೇಳುವುದೋ ಬಿಡುವುದೋ ತಿಳಿಯಲಿಲ್ಲ. ಮನೆಗೆ ಕರೆದು ಉಪಚರಿಸುತ್ತಿರುವವಳ ಮುಂದೆ ಹೇಗೆ ಹೇಳುವುದು?

“ಏನಪ್ಪಾ?”

“ಸೀಮೆಎಣ್ಣೆ” ಎಂದೆ ಮೆಲ್ಲಗೆ. ರೇಷನ್ ಅಂಗಡಿಯ ಸಾಲಿನಲ್ಲಿ ಡಬ್ಬ ಹಿಡಿದು ನಿಂತವನ ಮೂಗು ಸುಳ್ಳು ಹೇಳುವುದಿಲ್ಲ.

ಮಗಳು ಹಿಂಜರಿಯುತ್ತ ಅನುವಾದಿಸಿದಳು. ಆಕೆ ಪೀಪಾಯಿಯ ಮೇಲೆ ಕೈ ಬಡಿದು ನಕ್ಕಳು. ವಯಸ್ಸಾದ ರೀಸ್ಲಿಂಗಿನ ಗುರುತೇ ಆ ವಾಸನೆಯಂತೆ, ಅದನ್ನು ಕಂಡುಹಿಡಿಯುವುದು ಹೆಚ್ಚಿನ ಮಾತಂತೆ. ಅಳಿಯ ತನ್ನ ಗ್ಲಾಸು ಮತ್ತೆ ಮತ್ತೆ ಮೂಸಿ, “ನನಗೆ ಏನೂ ಬರ್ತಿಲ್ಲ ಮಾವ” ಎಂದ. ಹುಟ್ಟಿದಾಗಿನಿಂದ ಗ್ಯಾಸ್ ಸ್ಟವ್ ಕಂಡವನು, ಪಾಪ. ಅಲ್ಲಿಂದ ಮುಂದೆ ಹೋದ ಎರಡು ನೆಲಮಾಳಿಗೆಗಳಲ್ಲೂ ಗ್ಲಾಸುಗಳು ಮೊದಲು ನನ್ನ ಮೂಗಿನ ಕೆಳಗೆ ಬಂದು ಆಮೇಲೆ ಅವರವರ ಕೈಗೆ ಹೋದವು. ಹಾಳೆಯ ತಿಳಿನೀಲಿ ಸಾಲು ಯಾವಾಗ ದಾಟಿಹೋಯಿತೋ ಯಾರೂ ಗಮನಿಸಲಿಲ್ಲ. ಕತ್ತಲಲ್ಲಿ ವಾಪಸು ಹೊರಟಾಗ ನಾನು ಇಂಡಿಕೇಟರನ್ನೇ ಹಾಕಿದೆ.

ಹೊರಡುವ ಹಿಂದಿನ ದಿನ ಮಗಳ ಮನೆಗೆ ಅಲ್ಲಿಯ ಕನ್ನಡದವರು ಮೂರು ಸಂಸಾರ ಊಟಕ್ಕೆ ಬಂದಿದ್ದರು. ಬಿಸಿಬೇಳೆಬಾತಿನ ಜೊತೆಗೆ ಎಗಿಸ್‌ಹೈಮಿನ ಉದ್ದ ಕೊರಳಿನ ಬಾಟಲಿಗಳೂ ಮೇಜಿಗೆ ಬಂದವು. ನನ್ನ ಮೂಗಿನ ಕೀರ್ತಿಯನ್ನು ಅಳಿಯ ಆಗಲೇ ಸಾರಿಬಿಟ್ಟಿದ್ದ. ಮೂಸಿ ಹೇಳಿ ಎಂದರು, ಹೇಳಿದೆ. ಬರೀ ಮೂಸಿದರೆ ಅರ್ಧ ಮಾತ್ರ ಅಂಕಲ್, ನಾಲಿಗೆಗೆ ತಾಗಬೇಕು ಎಂದ ಅವರಲ್ಲೊಬ್ಬ ಹುಡುಗ. ನಾನು ಹೆಂಡತಿಯ ಕಡೆ ನೋಡಿದೆ. ಅವಳು ಹಪ್ಪಳ ಮುರಿಯುವುದರಲ್ಲಿ ಮಗ್ನಳಾಗಿದ್ದಳು. ಉಗುಳಿದರೆ ಕುಡಿದಂತಾಗುವುದಿಲ್ಲ ಎಂಬ ಧರ್ಮಸೂಕ್ಷ್ಮ ಎಗಿಸ್‌ಹೈಮಿನಿಂದಲೇ ನನ್ನ ತಲೆಯಲ್ಲಿ ಓಡಾಡುತ್ತಿತ್ತು.

“ಬೆಳಿಗ್ಗೆ ಏರ್‌ಪೋರ್ಟಿಗೆ ಕಾರು ನೀನೇ ತಾನೇ ಅಪ್ಪಾ ಓಡಿಸೋದು?” ಎಂದಳು ಮಗಳು. ಎದ್ದು ನಡುಮನೆಗೆ ಹೋದಳು. ಮನಿಪ್ಲಾಂಟನ್ನು ಬೇರುಮಣ್ಣು ಸಮೇತ ಎತ್ತಿ ಒಂದು ಬೋಗುಣಿಗೆ ಇಟ್ಟಳು. ನಲ್ಲಿಯ ಕೆಳಗೆ ಹಿಡಿದು ತೊಳೆದು, ಸೆರಗಿನ ಹಾಗೆ ಹೆಗಲ ಮೇಲಿದ್ದ ಟವೆಲಿನಿಂದ ಒರೆಸಿ, ನಗ್ಗು ನನ್ನ ಕಡೆಗೆ ಬರುವ ಹಾಗೆ ಮೇಜಿನ ಮೇಲಿಟ್ಟಳು.